ಊರಿನ ಕೊಟ್ಟಿಗೆಗೆ ರಬ್ಬರ್ ಮ್ಯಾಟ್: ಇಲ್ಲಿಂದ ಆರ್ಡರ್ ಮಾಡೋ ಮೊದಲು

ಈ ವಾರದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಆಫೀಸ್ ಕ್ಯಾಬಲ್ಲಿ ಕೂತು ಓದೋರಿಗೆ ಅಂತ ಅದರ ಬರಹ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಅಳತೆಗಳನ್ನೂ ಸೇರಿಸಿದ್ದೀನಿ.

ನಾನು ಪುಣೆಯಲ್ಲಿ ಕೆಲಸ ಮಾಡ್ತೀನಿ, ಮನೆ ತೀರ್ಥಹಳ್ಳಿ ಕಡೆ. ಅಪ್ಪಯ್ಯ, ಅಮ್ಮ ಇಬ್ಬರೇ ಅಲ್ಲಿರೋದು. ಜೊತೆಗೆ ಒಂದಿಷ್ಟು ಅಡಿಕೆ ತೋಟ, ನಾಲ್ಕು ದನ. ನಿಮ್ಮಲ್ಲಿ ತುಂಬಾ ಜನರ ಮನೆ ಕಥೆಯೂ ಇದೇ ಇರಬಹುದು. ನಾವು ಊರಲ್ಲಿ ಇಲ್ಲ ಅನ್ನೋ ಕೊರಗಿಗೆ ದುಡ್ಡು ಕಳಿಸ್ತೀವಿ. ಒಂದು ವರ್ಷ ಗೀಸರ್, ಇನ್ನೊಂದು ವರ್ಷ ಸಿಸಿ ಕ್ಯಾಮೆರಾ. ನಾನು ಕೊಟ್ಟಿಗೆಗೆ ಸಿಮೆಂಟ್ ನೆಲ ಹಾಕಿಸಿದೆ.

ಮೇಸ್ತ್ರಿ ವಿಡಿಯೋ ಕಾಲಲ್ಲಿ ನೆಲ ತೋರಿಸಿ, "ಗೆರೆ ಎಳೀಲಾ ಸಾರ್, ಇಲ್ಲ ನುಣ್ಣಗೆ ಮಾಡ್ಲಾ?" ಅಂತ ಕೇಳಿದ್ರು. ಅಮ್ಮನಿಗೆ ತೊಳೆಯೋಕೆ ಸುಲಭ ಆಗಲಿ ಅಂತ ನಾನು "ನುಣ್ಣಗೇ ಮಾಡಿ" ಅಂದೆ. ಫೋಟೋದಲ್ಲಿ ನೆಲ ಕನ್ನಡಿ ಥರ ಹೊಳೀತಿತ್ತು. ಸ್ಟೇಟಸ್ಸಿಗೂ ಹಾಕಿದ್ದೆ.

ಜುಲೈ ತಿಂಗಳ ಒಂದು ಬೆಳಗ್ಗೆ ನಮ್ಮ ಜರ್ಸಿ ಕ್ರಾಸ್ ಹಸು ತುಂಗೆ ಬಾಗಿಲ ಹತ್ತಿರ ತಿರುಗುವಾಗ ಜಾರಿದಳು. ಹಿಂಗಾಲು ಎರಡೂ ಎರಡು ಕಡೆ ಹೋದವು. ಬಿದ್ದವಳು ಎದ್ದೇಳಲಿಲ್ಲ.

ಬಿದ್ದ ಹಸುವನ್ನ ಹಾಗೇ ಒಂದೇ ಮಗ್ಗುಲಲ್ಲಿ ಬಿಡೋ ಹಾಗಿಲ್ಲ. ಅದರ ಭಾರಕ್ಕೆ ಕೆಳಗಿರೋ ಕಾಲಿನ ಮಾಂಸ, ನರ ಜಜ್ಜಿಹೋಗುತ್ತೆ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, "ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಅಡಿಗೆ ದಪ್ಪಗೆ ಹುಲ್ಲು ಹಾಕಿ" ಅಂದ್ರು. ಎರಡು ರಾತ್ರಿ ಅಮ್ಮ, ಅಪ್ಪಯ್ಯ ಮತ್ತು ಪಕ್ಕದ ಮನೆ ಅಣ್ಣ ಸೇರಿ ಸುಮಾರು ನಾನೂರು ಕೆಜಿ ಹಸುವನ್ನ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿಸಿದ್ರು. ಅಮ್ಮನಿಗೆ ಅರವತ್ತನಾಲ್ಕು ವರ್ಷ. ನಾನು ಪುಣೆಯಲ್ಲಿ ಕೂತು ಫೋನಲ್ಲಿ ನೋಡ್ತಿದ್ದೆ. ಮೂರನೇ ದಿನ ಬೆಳಗ್ಗೆ ತುಂಗೆ ಎದ್ದಳು. ಇವತ್ತಿಗೂ ಅವಳ ಎಡ ಹಿಂಗಾಲು ಸ್ವಲ್ಪ ಎಳೆಯುತ್ತೆ.

ಅದಾದ ಮೇಲೆ ರಬ್ಬರ್ ಮ್ಯಾಟ್ ಬಗ್ಗೆ ಓದಿದೆ, ಕೇಳಿದೆ, ಒಂದು ಸಲ ತಪ್ಪು ಮ್ಯಾಟ್ ಕೊಂಡೆ, ಆಮೇಲೆ ಸರಿಯಾದ್ದು ಕೊಂಡೆ. ಕಲಿತದ್ದನ್ನ ಇಲ್ಲಿ ಹೇಳ್ತೀನಿ.

ಅಜ್ಜನ ಕಾಲದಲ್ಲಿ ಮ್ಯಾಟ್ ಯಾಕೆ ಬೇಕಿರಲಿಲ್ಲ?

ಅಜ್ಜನ ಕೊಟ್ಟಿಗೆಯಲ್ಲಿ ಇದ್ದದ್ದು ಮಲೆನಾಡು ಗಿಡ್ಡ. ಸಣ್ಣ ಮೈ, ಹಗುರ ಭಾರ. ಬೆಳಗ್ಗೆ ಬಿಟ್ಟರೆ ಗುಡ್ಡ ಸುತ್ತಿ ಸಂಜೆ ಮನೆಗೆ ಬರೋ ದನಗಳು. ಕೊಟ್ಟಿಗೆ ಅಂದ್ರೆ ರಾತ್ರಿ ಮಲಗೋ ಜಾಗ ಅಷ್ಟೇ. ನೆಲ ಮಣ್ಣಿಂದು, ಮೇಲೆ ಸೊಪ್ಪು, ದರಗು. ಸಗಣಿ, ಗಂಜಲ ಎಲ್ಲಾ ಅದರಲ್ಲೇ ಬೆರೆತು ಗೊಬ್ಬರ ಆಗ್ತಿತ್ತು.

ಈಗಿನ ಕ್ರಾಸ್ ಹಸು ಭಾರ ಜಾಸ್ತಿ, ಕೆಚ್ಚಲು ದೊಡ್ಡದು, ದಿನದ ಬಹುಪಾಲು ಕಟ್ಟಿದಲ್ಲೇ ಇರುತ್ತೆ. ಸೊಪ್ಪು ತರೋಕೆ ಆಳು ಸಿಗಲ್ಲ. ಹಾಗಾಗಿ ಸಿಮೆಂಟ್ ಬಂತು. ಅಂದ್ರೆ ಹಸು ಭಾರ ಆಯ್ತು, ನಿಲ್ಲೋ ಹೊತ್ತು ಹೆಚ್ಚಾಯ್ತು, ನೆಲ ಗಟ್ಟಿ ಆಯ್ತು. ಮೂರೂ ಒಟ್ಟಿಗೇ ಆಯ್ತು. ಮ್ಯಾಟ್ ಬೇಕಾಗಿರೋದು ಇದಕ್ಕೇ.

ಹಸು ಮಲಗೋದು, ಏಳೋದು ಒಮ್ಮೆ ನೋಡಿ

ಮ್ಯಾಟ್ ನೋಡೋಕೆ ಮುಂಚೆ ಹಸು ನೋಡಬೇಕು. ಇದು ನನಗೆ ಹೊಳೆದದ್ದು ಪುಣೆಯ ಒಂದು ಕುದುರೆ ಲಾಯದಲ್ಲಿ. ಸಹೋದ್ಯೋಗಿಯ ಮಗಳು ಸವಾರಿ ಕಲಿಯೋ ಜಾಗ ಅದು. ಅಲ್ಲಿ ಗೋಡೆಯಿಂದ ಗೋಡೆವರೆಗೂ ಕಪ್ಪು ರಬ್ಬರ್ ಹಾಸಿತ್ತು. ಇದನ್ನೇ ಊರಿಗೆ ಕಳಿಸಿದರಾಯ್ತು ಅಂತ ಅಂದುಕೊಂಡೆ. ಲಾಯ ನೋಡಿಕೊಳ್ಳೋ ಅಜ್ಜ ನಕ್ಕರು. "ಕುದುರೆ ಬೇರೆ, ಹಸು ಬೇರೆ" ಅಂದ್ರು.

ಕುದುರೆ ನಿಂತುಕೊಂಡೇ ತೂಕಡಿಸುತ್ತೆ. ಮಂಡಿ ಮಡಚದ ಹಾಗೆ ಕಾಲನ್ನ ಬಿಗಿದಿಡೋ ಏರ್ಪಾಡು ಅದರ ಕಾಲಲ್ಲೇ ಇದೆ. ದಿನಕ್ಕೆ ಕೆಲವೇ ಗಂಟೆ ಮಲಗುತ್ತೆ, ಏಳುವಾಗ ಮುಂಗಾಲು ಮೊದಲು ಊರುತ್ತೆ. ಗೊರಸಿಗೆ ಕಬ್ಬಿಣದ ಲಾಳ ಬೇರೆ. ಅದಕ್ಕೇ ಲಾಯದ ಮ್ಯಾಟ್ ಗಟ್ಟಿ ಇರುತ್ತೆ, ಮುಕ್ಕಾಲು ಇಂಚು ದಪ್ಪ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ತುಂಡು ಸುಮಾರು 45 ಕೆಜಿ ತೂಗುತ್ತೆ. ಅದರ ಮೇಲೆ ಮರದ ಹೊಟ್ಟು ಹರಡ್ತಾರೆ. ಅಲ್ಲಿ ಮ್ಯಾಟಿನ ಮುಖ್ಯ ಕೆಲಸ ಕಾಲಿಗೆ ಆಸರೆ ಕೊಡೋದು.

ಹಸು ಹಾಗಲ್ಲ. ಆರೋಗ್ಯವಾಗಿರೋ ಹಸು ದಿನಕ್ಕೆ ಹತ್ತರಿಂದ ಹದಿನಾಲ್ಕು ಗಂಟೆ ಮಲಗುತ್ತೆ. ಮಲಗಿಯೇ ಹೆಚ್ಚು ಮೆಲುಕು ಹಾಕುತ್ತೆ, ಮಲಗಿದಾಗ ಕೆಚ್ಚಲಿಗೆ ರಕ್ತ ಹೆಚ್ಚು ಹರಿಯುತ್ತೆ. ಮಲಗುವಾಗ ಮೊದಲು ಮುಂಗಾಲಿನ ಮಂಡಿ ಊರಿ, ಆಮೇಲೆ ಹಿಂಭಾಗ ಇಳಿಸುತ್ತೆ. ಏಳುವಾಗ ತಲೆ, ಕುತ್ತಿಗೆ ಮುಂದಕ್ಕೆ ಚಾಚಿ, ಮಂಡಿ ಮೇಲೆ ಭಾರ ಬಿಟ್ಟು, ಹಿಂಭಾಗ ಮೊದಲು ಎತ್ತುತ್ತೆ. ದಿನಕ್ಕೆ ಹತ್ತಾರು ಸಲ ಇದೇ ಕೆಲಸ. ಬರೀ ಸಿಮೆಂಟ್ ಮೇಲೆ ಇದನ್ನ ಮಾಡಿ ಮಾಡಿ ಮಂಡಿ ಊದುತ್ತೆ, ಹಿಂಗಾಲಿನ ಕೀಲಿನ ಹತ್ತಿರ ಕೂದಲು ಹೋಗಿ ಗಾಯ ಆಗುತ್ತೆ. ನೋವಿಗೆ ಹೆದರಿ ಹಸು ಮಲಗೋದನ್ನೇ ಕಡಿಮೆ ಮಾಡುತ್ತೆ. ನಿಂತು ನಿಂತು ಗೊರಸು ಹಾಳಾಗುತ್ತೆ.

ಹಾಗಾಗಿ ಹಸುವಿನ ಮ್ಯಾಟಿಗೆ ಮೂರು ಗುಣ ಬೇಕು. ಮಂಡಿಗೆ ಮೆತ್ತಗಿರಬೇಕು, ಗೊರಸಿಗೆ ಹಿಡಿತ ಕೊಡಬೇಕು, ಮೈಗೆ ಒಣಗಿರಬೇಕು. ಒಂದನ್ನು ಹೆಚ್ಚು ಮಾಡೋಕೆ ಹೋದರೆ ಇನ್ನೊಂದು ಕಡಿಮೆ ಆಗಬಹುದು. ತುಂಬಾ ಮೆತ್ತಗಿರೋದು ಬೇಗ ಹರಿಯುತ್ತೆ, ತುಂಬಾ ಆಳದ ಗೀರು ಇರೋದರಲ್ಲಿ ಸಗಣಿ ಕೂರುತ್ತೆ.

ಮೊದಲು ನೆಲ, ಆಮೇಲೆ ಮ್ಯಾಟ್

ಇಷ್ಟು ಬರಹದಲ್ಲಿ ಒಂದೇ ಮಾತು ನೆನಪಿಡೋದಾದ್ರೆ ಇದನ್ನ ಇಟ್ಟುಕೊಳ್ಳಿ: ಕೆಟ್ಟ ನೆಲವನ್ನ ಮ್ಯಾಟ್ ಸರಿ ಮಾಡಲ್ಲ.

ತುಂಗೆ ಜಾರಿದ್ದು ಕಟ್ಟೋ ಜಾಗದಲ್ಲಲ್ಲ, ಬಾಗಿಲ ಹತ್ತಿರ. ಅಂದ್ರೆ ನಾನು ಎಷ್ಟೇ ದುಬಾರಿ ಮ್ಯಾಟ್ ಹಾಕಿಸಿದ್ರೂ ಅವತ್ತು ಅವಳು ಬೀಳ್ತಿದ್ದಳು. ಮ್ಯಾಟ್ ಬರೋದು ಮಲಗೋ ಜಾಗಕ್ಕೆ. ಹಸು ನಡೆಯೋ, ತಿರುಗೋ ಜಾಗದಲ್ಲಿ ಸಿಮೆಂಟೇ ಇರುತ್ತೆ. ಅಲ್ಲಿ ಗೆರೆ ಬೇಕು. ಹೊಸ ನೆಲ ಆದ್ರೆ ಹಸಿ ಇರುವಾಗಲೇ ಮೂರು ನಾಲ್ಕು ಇಂಚಿಗೊಂದರಂತೆ, ಅರ್ಧ ಇಂಚಿನಷ್ಟು ಅಗಲ, ಅಷ್ಟೇ ಆಳದ ಗೆರೆ ಎಳೆಸಿ. ಗೆರೆಯ ಅಂಚು ಚೂಪಾಗಿ ಎದ್ದು ನಿಲ್ಲಬಾರದು, ಗೊರಸು ಸವೆಯುತ್ತೆ. ಹಳೇ ನೆಲ ಆದ್ರೂ ಚಿಂತೆ ಇಲ್ಲ, ಟೈಲ್ಸ್ ಕೆಲಸದವರ ಕಟಿಂಗ್ ಮಷಿನ್ನಲ್ಲಿ ಗೆರೆ ಕೊರೆಸಬಹುದು. ನಾವು ಹಾಗೇ ಮಾಡಿದ್ವಿ. ಒಂದು ದಿನದ ಕೆಲಸ.

ಎರಡನೇದು ಇಳಿಜಾರು. ಗೋದಲಿಯಿಂದ ಸಗಣಿ ಕಾಲುವೆ ಕಡೆಗೆ ನಲವತ್ತು ಅಡಿಗೆ ಒಂದು ಅಡಿ ಲೆಕ್ಕದಲ್ಲಿ ಇಳಿಜಾರು ಇದ್ರೆ ಸಾಕು. ಆರು ಅಡಿ ಉದ್ದದ ಜಾಗಕ್ಕೆ ಸುಮಾರು ಒಂದೂಮುಕ್ಕಾಲು ಇಂಚು. ಇದಕ್ಕಿಂತ ತುಂಬಾ ಕಡಿಮೆ ಆದ್ರೆ ಗಂಜಲ ಮ್ಯಾಟ್ ಅಡಿಗೆ ನಿಲ್ಲುತ್ತೆ, ತುಂಬಾ ಹೆಚ್ಚಾದ್ರೆ ಹಿಂಗಾಲಿನ ಮೇಲೆ ಭಾರ ಬೀಳುತ್ತೆ. ಪರೀಕ್ಷೆ ಸುಲಭ. ಒಂದು ಬಕೆಟ್ ನೀರು ಸುರಿಯೋಕೆ ಹೇಳಿ, ಐದು ನಿಮಿಷ ಬಿಟ್ಟು ಫೋಟೋ ಕಳಿಸೋಕೆ ಹೇಳಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ನಾಳೆ ಗಂಜಲ ನಿಲ್ಲುತ್ತೆ.

ಮೂರು ಬಗೆಯ ಮ್ಯಾಟ್

ಅಂಗಡಿಯಲ್ಲಿ ಎಲ್ಲಾದಕ್ಕೂ "ಕೌ ಮ್ಯಾಟ್" ಅಂತಾನೇ ಹೆಸರು. ಒಳಗೆ ಮಾತ್ರ ಬೇರೆ ಬೇರೆ.

ಒಂದು, ಅಚ್ಚಿನಲ್ಲಿ ಬಿಸಿ ಮಾಡಿ ಒತ್ತಿದ ಗಟ್ಟಿ ರಬ್ಬರ್. ಸಣ್ಣ ರಂಧ್ರಗಳಿರಲ್ಲ, ಗಂಜಲ ಹೀರಲ್ಲ, ಬಹುಕಾಲ ಬರುತ್ತೆ. ಭಾರ ಜಾಸ್ತಿ. ನಮ್ಮ ಕೊಟ್ಟಿಗೆಗಳಿಗೆ ಸಾಮಾನ್ಯವಾಗಿ ಇದೇ ಸರಿ.

ಎರಡು, ಹಳೇ ಟೈರ್ ಪುಡಿಯನ್ನ ಅಂಟು ಹಾಕಿ ಒತ್ತಿದ್ದು. ಜಿಮ್ಮಲ್ಲಿ, ಅಪಾರ್ಟ್‌ಮೆಂಟಿನ ಮಕ್ಕಳ ಪಾರ್ಕಲ್ಲಿ ನೋಡಿರ್ತೀರ. ನೋಡೋಕೆ ಚೆನ್ನ, ಹಿಡಿತವೂ ಚೆನ್ನ. ಆದ್ರೆ ಪುಡಿ ಪುಡಿ ನಡುವೆ ಜಾಗ ಇರೋದರಿಂದ ಗಂಜಲ ಒಳಗೆ ಇಳಿಯುತ್ತೆ. ಎಷ್ಟು ತೊಳೆದ್ರೂ ನಾತ ಹೋಗಲ್ಲ.

ಮೂರು, ಇವಿಎ. ಚಪ್ಪಲಿ ಅಟ್ಟೆ ಥರದ ಹಗುರ ಫೋಮ್. ತುಂಬಾ ಮೆತ್ತಗೆ, ಒಬ್ಬರೇ ಎತ್ತಬಹುದು. ಕರುವಿನ ಜಾಗಕ್ಕೆ, ವಯಸ್ಸಾದವರೇ ದಿನಾ ಎತ್ತಿ ತೊಳೆಯೋ ಮನೆಗೆ ಒಳ್ಳೇದು. ಆದ್ರೆ ಹಗುರ ಇರೋದರಿಂದ ಸರಿಯಾಗಿ ಬಿಗಿಯದಿದ್ರೆ ಸರಿಯುತ್ತೆ, ಭಾರದ ಹಸುವಿನ ಕೆಳಗೆ ಬೇಗ ಚಪ್ಪಟೆ ಆಗುತ್ತೆ.

ನಾನು ಮೊದಲ ಸಲ ಕೊಂಡದ್ದು ಎರಡನೇ ಬಗೆಯದ್ದು. ಆನ್‌ಲೈನಲ್ಲಿ ಬೆಲೆ ಕಡಿಮೆ ಇತ್ತು, ಸ್ಟಾರ್ ಜಾಸ್ತಿ ಇತ್ತು. ಎರಡೇ ತಿಂಗಳಿಗೆ ಅಮ್ಮ ಫೋನ್ ಮಾಡಿ, "ಮಗಾ, ಬೇಜಾರ್ ಮಾಡ್ಕಬೇಡ, ಆ ಮ್ಯಾಟ್ ತೆಗ್ಸಿ ಹೊರಗೆ ಹಾಕಿದೀವಿ. ಕಣ್ಣುರಿ ಬರತ್ತೆ ಮಾರಾಯ" ಅಂದಳು. ಗಂಜಲದಿಂದ ಬರೋ ಅಮೋನಿಯಾ ಅದು. ನಮ್ಮ ಕಣ್ಣು ಉರಿದ್ರೆ, ನೆಲಕ್ಕೆ ಮೂಗಿಟ್ಟು ಮಲಗೋ ಹಸುವಿನ ಕಥೆ ಏನು?

ಆರಿಸುವಾಗ ಏನು ನೋಡಬೇಕು

ದಪ್ಪ: ಗಟ್ಟಿ ರಬ್ಬರಾದ್ರೆ ಸಾಮಾನ್ಯವಾಗಿ ಸಿಗೋದು 17 ಮಿಲಿಮೀಟರಿಂದ ಮೇಲೆ. ಭಾರದ ಹಸುವಿಗೆ 10, 12 ಮಿಲಿಮೀಟರಿನದ್ದು ನೆಲಕ್ಕೆ ಬಣ್ಣ ಬಳಿದ ಹಾಗೆ, ಮಂಡಿಗೆ ಏನೂ ಉಪಯೋಗ ಇಲ್ಲ.

ಭಾರ: ಭಾರ ಇದ್ರೆ ಒಳ್ಳೇದು ಅನ್ನೋದು ಅರ್ಧ ಸತ್ಯ. ಸೀಮೆಸುಣ್ಣದ ಥರದ ಪುಡಿ ಜಾಸ್ತಿ ಬೆರೆಸಿದ್ರೂ ಮ್ಯಾಟ್ ಭಾರ ಆಗುತ್ತೆ. ಆದ್ರೆ ಅದು ಮಡಚಿದರೆ ಸೀಳುತ್ತೆ. ಒಂದು ಮೂಲೆ ಪೂರ್ತಿ ಮಡಚಿ ಬಿಡಿ. ಬಿರುಕು ಕಾಣಬಾರದು, ಬಿಟ್ಟ ತಕ್ಷಣ ಮೊದಲಿನ ಹಾಗೆ ಆಗಬೇಕು.

ಮೇಲ್ಮೈ: ಸಣ್ಣ ಉಬ್ಬು ಅಥವಾ ತೆಳು ಗೀರು ಸಾಕು. ನೀರು ಹಾಕಿ, ಬರಿಗಾಲಲ್ಲಿ ನಿಂತು ಹಿಮ್ಮಡಿ ಜಾರಿಸಿ ನೋಡಿ.

ತಳ: ಅಡಿಯಲ್ಲಿ ಗುಬುಟು ಅಥವಾ ಕಾಲುವೆ ಇರಬೇಕು. ಮೆತ್ತಗೆ ಅನಿಸೋದೂ ಅದರಿಂದಲೇ, ಒಳಗೆ ಹೋದ ನೀರು ಹರಿದುಹೋಗೋದೂ ಅದರಿಂದಲೇ. ಆ ಕಾಲುವೆಗಳು ಇಳಿಜಾರಿನ ಕಡೆಗೇ ಬರೋ ಹಾಗೆ ಹಾಸಬೇಕು. ಅಡ್ಡ ಹಾಸಿದ್ರೆ ಅದೇ ಸಣ್ಣ ಅಣೆಕಟ್ಟು.

ವಾಸನೆ, ಬಣ್ಣ: ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿ. ಬಟ್ಟೆ ತುಂಬಾ ಕಪ್ಪಾದ್ರೆ ಹಸುವಿನ ಕೆಚ್ಚಲೂ ಕಪ್ಪಾಗುತ್ತೆ, ಕರೆಯೋ ಮುಂಚೆ ಅಮ್ಮನಿಗೆ ಒರೆಸೋ ಕೆಲಸ ಹೆಚ್ಚು.

ಮಂಡಿ ಪರೀಕ್ಷೆ: ಇದು ಎಲ್ಲಾದಕ್ಕಿಂತ ಮುಖ್ಯ. ಮ್ಯಾಟ್ ಮೇಲೆ ನೀವೇ ಮಂಡಿಯೂರಿ ಬೀಳಿ. "ಅಯ್ಯೋ" ಅನ್ನೋ ಹಾಗಿದ್ರೆ ಹಸುವೂ ಅದನ್ನೇ ಅನ್ನುತ್ತೆ, ನಮಗೆ ಕೇಳಲ್ಲ ಅಷ್ಟೇ. ಹಾಸಿದ ಮೇಲೆ ಕೂಡ ಆಗಾಗ ಮಂಡಿಯೂರಿ ಅರ್ಧ ನಿಮಿಷ ಇರಿ. ಎದ್ದಾಗ ಪ್ಯಾಂಟ್ ಒದ್ದೆ ಆಗಿದ್ರೆ ಹಸುವಿನ ಕೆಚ್ಚಲೂ ದಿನವಿಡೀ ಒದ್ದೆ. ಕೆಚ್ಚಲು ಬಾವಿಗೆ ಅದೇ ದಾರಿ.

ಅಳತೆ: ಮ್ಯಾಟ್ ಸಾಮಾನ್ಯವಾಗಿ ನಾಲ್ಕು ಅಡಿ ಅಗಲ, ಆರೂವರೆ ಅಥವಾ ಏಳು ಅಡಿ ಉದ್ದ. ನಮ್ಮ ಹಳೇ ಕೊಟ್ಟಿಗೆ ಗಿಡ್ಡ ದನಕ್ಕೆ ಕಟ್ಟಿದ್ದು, ಕಟ್ಟೋ ಜಾಗ ಐದೂವರೆ ಅಡಿ. ನಾನು ಅಳತೆ ಕೇಳದೇ ಆರೂವರೆ ಅಡಿಯದ್ದು ತರಿಸಿದೆ. ಹಿಂದಿನ ತುದಿ ಕಾಲುವೆ ಮೇಲೆ ನೇತಾಡಿ ಸಗಣಿ ಕಟ್ಟಿಕೊಂಡಿತು. ಕೊನೆಗೆ ಕತ್ತರಿಸಬೇಕಾಯ್ತು. ಅಡಿಗೆ ಹಲಗೆ ಇಟ್ಟು, ಅಲಗಿಗೆ ಸೋಪಿನ ನೀರು ಹಾಕ್ತಾ, ನಾಲ್ಕೈದು ಸಲ ಗೀರಿ ಕತ್ತರಿಸಿದ್ರೆ ರಬ್ಬರ್ ಅಲಗನ್ನ ಹಿಡಿಯಲ್ಲ. ಕತ್ತರಿಸಿದ ಮೇಲೂ ಆ ಚಿಕ್ಕ ಜಾಗದಲ್ಲಿ ತುಂಗೆಯ ಹಿಂಗಾಲು ಕಾಲುವೆ ಅಂಚಿಗೇ ಬರ್ತಿತ್ತು. ಗೋದಲಿಯನ್ನ ಅರ್ಧ ಅಡಿ ಮುಂದಕ್ಕೆ ಸರಿಸಿ ಜಾಗ ದೊಡ್ಡದು ಮಾಡಿದ ಮೇಲೇ ಅವಳು ನೆಮ್ಮದಿಯಾಗಿ ಮಲಗಿದ್ದು.

ಹಾಸೋದು ಹೇಗೆ

ಸುರುಳಿ ಸುತ್ತಿ ಬಂದ ಮ್ಯಾಟನ್ನ ಒಂದು ದಿನ ಬಿಸಿಲಲ್ಲಿ ಬಿಚ್ಚಿಡಿ, ನೇರ ಆಗುತ್ತೆ. ಎತ್ತೋಕೆ ಇಬ್ಬರು ಬೇಕೇ ಬೇಕು. ಬಿಸಿಲಿಗೆ ರಬ್ಬರ್ ಹಿಗ್ಗುತ್ತೆ, ಹಾಗಾಗಿ ಗೋಡೆಗೆ ಒತ್ತಿ ಹಾಸಬೇಡಿ, ಬೆರಳು ಹೋಗುವಷ್ಟು ಜಾಗ ಬಿಡಿ. ಗೋದಲಿ ಕಡೆ ಮಾತ್ರ ಬೋಲ್ಟ್ ಹಾಕಿ, ಹಿಂಭಾಗ ಬಿಟ್ಟಿರಿ. ಆಗ ಹಿಗ್ಗೋಕೂ ಜಾಗ ಇರುತ್ತೆ, ಎತ್ತಿ ಅಡಿ ತೊಳೆಯೋಕೂ ಆಗುತ್ತೆ. ಸುತ್ತಲೂ ಅಂಟು ಹಾಕಿ ಕೂರಿಸೋಕೆ ಯಾರಾದ್ರೂ ಬಂದ್ರೆ ಬೇಡ ಅನ್ನಿ. ಹುಳಕ್ಕೆ ಅಂತ ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಸುರಿಯೋ ಅಭ್ಯಾಸ ಕೆಲವು ಕಡೆ ಇದೆ. ರಬ್ಬರ್ ಉಬ್ಬಿ ಹಾಳಾಗುತ್ತೆ.

ಮೊದಲ ಎರಡು ಮೂರು ದಿನ ಹಸು ಮ್ಯಾಟಿಗೆ ಹೆದರಬಹುದು, ಮೂಸಿ ಮೂಸಿ ನಿಲ್ಲಬಹುದು. ಸ್ವಲ್ಪ ಹಳೇ ಹುಲ್ಲು ಹರಡಿ, ಅದರದೇ ವಾಸನೆ ಬಂದ ಮೇಲೆ ಮಲಗುತ್ತೆ.

ಅಪ್ಪಯ್ಯನ ತಕರಾರು

ಮ್ಯಾಟ್ ಅಂದ ಕೂಡಲೇ ಅಪ್ಪಯ್ಯ ಕೇಳಿದ್ದು ಹಸುವಿನ ಬಗ್ಗೆ ಅಲ್ಲ. "ರಬ್ಬರ್ ಹಾಸಿದ್ರೆ ತೋಟಕ್ಕೆ ಗೊಬ್ಬರ ಎಲ್ಲಿಂದ ತರ್ತೀಯ? ಪುಣೆಯಿಂದ ಕಳಿಸ್ತೀಯಾ?" ಅಂದ್ರು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ ಅವರು ಹೇಳಿದ್ದೇ ಸರಿ. ಸೊಪ್ಪು, ದರಗು ಗಂಜಲವನ್ನ ಹೀರಿಕೊಂಡು ತೋಟಕ್ಕೆ ತಲುಪಿಸ್ತಿತ್ತು. ಬರೀ ಮ್ಯಾಟ್ ಹಾಕಿ ನೀರಲ್ಲಿ ತೊಳೆದ್ರೆ ಆ ಗಂಜಲ ಎಲ್ಲಾ ಚರಂಡಿಗೆ. ಸಾರಜನಕ ಅದರಲ್ಲೇ ಹೆಚ್ಚು ಇರೋದು.

ಇಬ್ಬರೂ ಒಂದು ದಾರಿಗೆ ಬಂದ್ವಿ. ಮ್ಯಾಟ್ ಮೇಲೆ ತೆಳ್ಳಗೆ ದರಗು ಹಾಕೋದು, ಮೊದಲು ಹಾಕ್ತಿದ್ದದ್ದರ ಕಾಲು ಭಾಗ. ಮೆತ್ತಗಿರೋ ಕೆಲಸ ಮ್ಯಾಟಿಂದು, ಒಣಗಿಸೋ ಕೆಲಸ ದರಗಿಂದು. ಬೆಳಗ್ಗೆ ಅದನ್ನ ಎಳೆದು ಗೊಬ್ಬರ ಗುಂಡಿಗೆ. ಕಾಲುವೆ ಕೊನೆಗೆ ಸಣ್ಣ ಸಿಮೆಂಟ್ ತೊಟ್ಟಿ ಮಾಡಿ ಗಂಜಲ ಹಿಡಿದು, ನೀರು ಬೆರೆಸಿ ತೋಟಕ್ಕೆ ಬಿಡ್ತಾರೆ. ಲಾಯದಲ್ಲಿ ರಬ್ಬರ್ ಮೇಲೆ ಮರದ ಹೊಟ್ಟು ಹಾಕೋದು ಕೂಡ ಇದೇ ಕಾರಣಕ್ಕೆ: ಒದ್ದೆ ಹೀರೋಕೆ ಏನಾದ್ರೂ ಬೇಕು. ಮ್ಯಾಟ್ ಯಾವತ್ತೂ ಹಾಸಿಗೆಗೆ ಪೂರ್ತಿ ಬದಲಿ ಅಲ್ಲ.

ಇನ್ನೊಂದು ಮಾತು. "ಮ್ಯಾಟ್ ಹಾಕಿದ್ರೆ ಹಾಲು ಇಷ್ಟು ಲೀಟರ್ ಏರುತ್ತೆ" ಅನ್ನೋ ಜಾಹೀರಾತು ನಂಬಿ ಕೊಳ್ಳಬೇಡಿ. ನಮ್ಮ ಡೈರಿ ಪುಸ್ತಕದಲ್ಲಿ ಹಾಲಿನ ಲೆಕ್ಕ ಹೆಚ್ಚು ಕಡಿಮೆ ಹಾಗೇ ಇದೆ. ಬದಲಾದದ್ದು ಮಂಡಿ. ಊತ ಇಳಿದಿದೆ, ಕೂದಲು ಮತ್ತೆ ಬಂದಿದೆ.

ಫೋನ್ ಮಾಡಿ ಕೇಳಬೇಕಾದ ಐದು ಪ್ರಶ್ನೆ

ನೀವು ಮುಂಬೈ, ಹೈದರಾಬಾದ್, ಚೆನ್ನೈ ಎಲ್ಲೇ ಇರಿ, ಕಾರ್ಟಿಗೆ ಹಾಕೋ ಮುಂಚೆ ಮನೆಗೆ ಫೋನ್ ಮಾಡಿ ಇಷ್ಟು ಕೇಳಿ.

1. ಕಟ್ಟೋ ಜಾಗ ಗೋದಲಿಯಿಂದ ಕಾಲುವೆವರೆಗೆ ಎಷ್ಟು ಅಡಿ? ಟೇಪಲ್ಲಿ ಅಳೆದು ಹೇಳಿ.

2. ನೀರು ಸುರಿದ್ರೆ ಎಲ್ಲಿ ನಿಲ್ಲುತ್ತೆ?

3. ದನ ಈಗ ಎಲ್ಲಿ ಜಾರುತ್ತೆ? ಮಲಗೋ ಕಡೆಯಾ, ನಡೆಯೋ ಕಡೆಯಾ?

4. ತೋಟಕ್ಕೆ ಗೊಬ್ಬರ ಎಲ್ಲಿಂದ ಹೋಗ್ತಿದೆ?

5. ಇದನ್ನ ದಿನಾ ತೊಳೆಯೋರು ಯಾರು? ಅವರು ಎಷ್ಟು ಭಾರ ಎತ್ತಬಲ್ಲರು?

ಐದನೇ ಪ್ರಶ್ನೆಯನ್ನ ನಾವು ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ. ಈಗ ವಾರಕ್ಕೊಮ್ಮೆ ಪಕ್ಕದ ಮನೆ ಅಣ್ಣ ಬಂದು ಅಪ್ಪಯ್ಯನ ಜೊತೆ ಮ್ಯಾಟ್ ಎತ್ತಿ ಅಡಿ ತೊಳೀತಾರೆ. ಅದಕ್ಕೆ ತಿಂಗಳಿಗೆ ಇಷ್ಟು ಅಂತ ನಾನು ಕಳಿಸ್ತೀನಿ. ಮ್ಯಾಟಿನ ಬೆಲೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಕೊಳ್ಳೋ ಮುಂಚೆ ತಾಲೂಕಿನ ಪಶು ಆಸ್ಪತ್ರೆಯಲ್ಲಿ, ಹಾಲಿನ ಸೊಸೈಟಿಯಲ್ಲಿ ಒಮ್ಮೆ ವಿಚಾರಿಸೋಕೆ ಹೇಳಿ. ಕೆಲವು ವರ್ಷ ಸಹಾಯಧನದಲ್ಲಿ ಮ್ಯಾಟ್ ಸಿಗುತ್ತೆ. ಹಾಗೇ ಪಶು ಸಂಜೀವಿನಿಯ 1962 ನಂಬರನ್ನ ಮನೆಯವರ ಫೋನಲ್ಲಿ ಸೇವ್ ಮಾಡಿಸಿ. ಕರ್ನಾಟಕದಲ್ಲಿ ಜಾನುವಾರುಗಳಿಗೆ ಮನೆ ಬಾಗಿಲಿಗೆ ಚಿಕಿತ್ಸಾ ವಾಹನ ಕರೆಸೋ ನಂಬರ್ ಅದು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಗೋಪೂಜೆ ದಿನ ಬೆಳಗ್ಗೆ ಕೊಟ್ಟಿಗೆಗೆ ಹೋದಾಗ ತುಂಗೆ ಮಲಗಿದ್ದಳು. ನಾನು ಹೋಗಿದ್ದು ನೋಡಿ ಏಳೋಕೆ ಹೊರಟಳು. ಕುತ್ತಿಗೆ ಚಾಚಿ, ಮಂಡಿ ಊರಿ, ಹಿಂಭಾಗ ಎತ್ತಿದಳು. ಎಡಗಾಲು ಒಂದು ಕ್ಷಣ ತಡವರಿಸಿತು. ಆಮೇಲೆ ಗೊರಸು ರಬ್ಬರಿಗೆ ಕಚ್ಚಿಕೊಂಡಿತು, ನಿಂತಳು. ಹಿಂದೆ ನಿಂತಿದ್ದ ಅಮ್ಮ ಏನೂ ಮಾತಾಡಲಿಲ್ಲ. ಚೊಂಬು ನನ್ನ ಕೈಗೆ ಕೊಟ್ಟು, "ಹೋಗು, ಕಾಲು ತೊಳಿ ಅವಳದ್ದು" ಅಂದಳು.

ನಿಮ್ಮ ಮನೆ ಕೊಟ್ಟಿಗೆಯ ನೆಲ ಹೇಗಿದೆ, ಏನು ಹಾಸಿದ್ದೀರ, ಬರೆದು ತಿಳಿಸಿ. ಮುಂದಿನ ವಾರ ಮತ್ತೆ ಸಿಗೋಣ.